ಜೂಜಿನ ಸಾಲ ತೀರಿಸುವ ಮೊದಲು ಮನೆಯವರು ಮಾಡಬೇಕಾದ ಕೆಲಸಗಳು

ಮನೆಯಲ್ಲಿ ಒಬ್ಬರು ಜೂಜಿಗೆ ಬಿದ್ದಿದ್ದಾರೆ ಅಂತ ಗೊತ್ತಾದ ಕೂಡಲೇ ಹೆಚ್ಚಿನ ಕುಟುಂಬಗಳಲ್ಲಿ ಆಗುವುದು ಒಂದೇ. ಸಾಲ ಎಷ್ಟಿದೆ ಅಂತ ಕೇಳುತ್ತಾರೆ, ಜಗಳ ಆಗುತ್ತದೆ, ಅಳು ಆಗುತ್ತದೆ, ಆಮೇಲೆ ಒಡವೆ ಅಡವಿಟ್ಟೋ ಉಳಿತಾಯ ಮುರಿದೋ ಆ ಸಾಲ ತೀರಿಸಿ, ಇನ್ನು ಮುಂದೆ ಮುಟ್ಟಲ್ಲ ಅಂತ ಮಾತು ತೆಗೆದುಕೊಂಡು, ವಿಷಯ ಯಾರ ಕಿವಿಗೂ ಬೀಳದ ಹಾಗೆ ಮುಚ್ಚಿಡುತ್ತಾರೆ. ಕೆಲವು ತಿಂಗಳು ನೆಮ್ಮದಿ. ಮತ್ತೆ ಅದೇ ಕಥೆ, ಸಾಲ ಮಾತ್ರ ಹಿಂದಿನದಕ್ಕಿಂತ ದೊಡ್ಡದು.

ಮನೆಯವರನ್ನು ಇದಕ್ಕೆ ಬೈದು ಪ್ರಯೋಜನ ಇಲ್ಲ. ಕಣ್ಣಿಗೆ ಕಾಣುವುದು ಸಾಲ, ಅದನ್ನೇ ಕಾಯಿಲೆ ಅಂದುಕೊಳ್ಳುತ್ತಾರೆ. ಸಾಲ ಜ್ವರ ಇದ್ದ ಹಾಗೆ; ಮಾತ್ರೆ ಕೊಟ್ಟು ಮೈ ತಣ್ಣಗೆ ಮಾಡಬಹುದು, ಸೋಂಕು ಒಳಗೇ ಇರುತ್ತದೆ. ಹಾಗಾಗಿ ಇಲ್ಲಿ ಹಣ ಕೊಡುವ ವಿಷಯವನ್ನು ಬೇಕೆಂದೇ ಹಿಂದಕ್ಕೆ ತಳ್ಳಿದ್ದೇನೆ. ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಬಹಳ ಇದೆ. ಬರೆದಿರುವುದು ಮುಖ್ಯವಾಗಿ ಮನೆಯವರಿಗೆ. ಆಡುವವರೇ ಓದುತ್ತಿದ್ದರೆ ಇನ್ನೂ ಒಳ್ಳೆಯದು, ಕ್ರಮ ನಿಮಗೂ ಇದೇ.

1. ಮೊದಲು ಜೀವದ ಮಾತು

ಇದನ್ನು ಕೊನೆಯಲ್ಲಿ ಒಂದು ಸಾಲಿನಲ್ಲಿ ಮುಗಿಸುವ ಲೇಖನಗಳೇ ಜಾಸ್ತಿ. ನನ್ನ ಪ್ರಕಾರ ಇದು ಮೊದಲೇ ಬರಬೇಕು. ಜೂಜಿನ ಗೀಳು ಇರುವವರಲ್ಲಿ ಆತ್ಮಹತ್ಯೆಯಿಂದ ಸಾವಿನ ಪ್ರಮಾಣ ಉಳಿದವರಿಗಿಂತ ಸುಮಾರು 15 ಪಟ್ಟು ಹೆಚ್ಚು ಅಂತ ಸ್ವೀಡನ್‌ನಲ್ಲಿ ನಡೆದ ಒಂದು ದೊಡ್ಡ ಅಧ್ಯಯನ ಕಂಡುಕೊಂಡಿತ್ತು. ಕುಡಿತದ ಚಟ ಇದ್ದರೆ ವಾಸನೆ ಬರುತ್ತದೆ, ನಡಿಗೆ ತಪ್ಪುತ್ತದೆ. ಜೂಜಾಡಿದವನು ಎಲ್ಲವನ್ನೂ ಕಳೆದುಕೊಂಡ ರಾತ್ರಿಯೂ ಊಟ ಮಾಡಿ ಮಾಮೂಲಿನಂತೆ ಮಲಗಬಲ್ಲ. ಅದಕ್ಕೇ ಇದು ಅಷ್ಟು ಅಪಾಯ.

ತುಂಬ ಎಚ್ಚರ ಬೇಕಾದ ಗಳಿಗೆ ಯಾವುದು ಗೊತ್ತಾ? ಗುಟ್ಟು ಹೊರಬಿದ್ದ ಗಳಿಗೆ. ಸಾಲ ಕೊಟ್ಟವರು ಮನೆ ಬಾಗಿಲಿಗೆ ಬಂದ ದಿನ, ಆಫೀಸಿನಲ್ಲಿ ಹಣದ ಲೆಕ್ಕ ತಾಳೆ ಆಗದ ದಿನ, ಹೆಂಡತಿ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದ ದಿನ. ಮನೆಯವರ ಸಿಟ್ಟು ಆ ದಿನವೇ ನೆತ್ತಿಗೇರಿರುತ್ತದೆ. ಅದು ಸಹಜ, ಆದರೆ ಆ ರಾತ್ರಿ ಅವರನ್ನು ಒಂಟಿಯಾಗಿ ಬಿಡಬೇಡಿ.

ನೇರವಾಗಿ ಕೇಳಿ: "ಸಾಯಬೇಕು ಅಂತ ಯೋಚನೆ ಬರ್ತಾ ಇದೆಯಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಬಂದುಬಿಡುತ್ತದೆ ಅನ್ನುವುದು ಸುಮ್ನೆ ಭಯ. ಕೇಳಿದಾಗ ಹೆಚ್ಚಿನವರಿಗೆ ಹಗುರ ಆಗುತ್ತದೆ. ಹೌದು ಅಂದರೆ ಕೀಟನಾಶಕ, ಜಾಸ್ತಿ ಮಾತ್ರೆ, ಆಯುಧ ಇಂಥವನ್ನು ಕೈಗೆ ಸಿಗದ ಹಾಗೆ ಮಾಡಿ, ಜೊತೆಯಲ್ಲೇ ಇರಿ, ಅವತ್ತೇ ಮನೋವೈದ್ಯರ ಹತ್ತಿರ ಅಥವಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಸಾಲದ ಮಾತು ನಾಳೆಗೆ ಇರಲಿ.

2. ಮೋಜೋ ಗೀಳೋ ಅಂತ ನೋಡಿ

ಯಾವಾಗಲಾದರೂ ಒಮ್ಮೆ ಲಾಟರಿ ಕೊಂಡವರೆಲ್ಲ ಗೀಳಿಗೆ ಬಿದ್ದವರಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದ ವಯಸ್ಕರಲ್ಲಿ ಜೂಜಿನ ಕಾಯಿಲೆ ಇರುವವರು ಶೇ 1.2ರಷ್ಟು. ಕಾಯಿಲೆ ಅನ್ನುವ ಮಟ್ಟ ಮುಟ್ಟದೆಯೂ ಮನೆ ಹಾಳು ಮಾಡಿಕೊಳ್ಳುವವರು ಇದರ ಹೊರಗೆ ಇನ್ನೂ ಇದ್ದಾರೆ.

ಶುರುವಿಗೆ ಎರಡೇ ಪ್ರಶ್ನೆ ಸಾಕು. ಹಿಂದಿಗಿಂತ ಜಾಸ್ತಿ ಜಾಸ್ತಿ ಹಣ ಕಟ್ಟಬೇಕು ಅಂತ ಯಾವತ್ತಾದರೂ ಅನ್ನಿಸಿದೆಯಾ? ಎಷ್ಟು ಆಡುತ್ತೀಯ ಅನ್ನುವ ಬಗ್ಗೆ ಹತ್ತಿರದವರಿಗೆ ಸುಳ್ಳು ಹೇಳಬೇಕಾಗಿ ಬಂದಿದೆಯಾ? ಇವೆರಡು ಪ್ರಶ್ನೆಗಳನ್ನು ವೈದ್ಯರೂ ಬಳಸುತ್ತಾರೆ. ಒಂದಕ್ಕೆ ಹೌದು ಅಂದರೂ ಇನ್ನಷ್ಟು ವಿಚಾರಿಸಬೇಕು ಅಂತ ಅರ್ಥ.

ಮನೋವೈದ್ಯರು ಅನುಸರಿಸುವ ಅಮೆರಿಕದ ಕೈಪಿಡಿ ಡಿಎಸ್‌ಎಂ-5 ಇನ್ನೂ ಆಳಕ್ಕೆ ಹೋಗುತ್ತದೆ. ಅದರಲ್ಲಿ 9 ಲಕ್ಷಣಗಳಿವೆ, 12 ತಿಂಗಳೊಳಗೆ 4 ಕಂಡರೆ ಕಾಯಿಲೆ ಅಂತ ಲೆಕ್ಕ. ಅದೇ ಮಜಾ ಸಿಗಲು ಇನ್ನೂ ಹೆಚ್ಚು ಹಣ ಬೇಕಾಗುವುದು, ಕಡಿಮೆ ಮಾಡಲು ಹೋದರೆ ಚಡಪಡಿಕೆ ಮತ್ತು ಸಿಡುಕು, ನಿಲ್ಲಿಸಲು ಹೋಗಿ ಮತ್ತೆ ಮತ್ತೆ ಸೋಲುವುದು, ದಿನವಿಡೀ ತಲೆಯಲ್ಲಿ ಅದೇ ಯೋಚನೆ, ಬೇಸರವಾದಾಗೆಲ್ಲ ಆಟಕ್ಕೆ ಹೋಗುವುದು, ಕಳೆದುಕೊಂಡದ್ದನ್ನು ವಾಪಸ್ ಪಡೆಯಲು ಮಾರನೇ ದಿನವೇ ಮತ್ತೆ ಆಡುವುದು, ಸುಳ್ಳು, ಸಂಬಂಧವನ್ನೋ ಕೆಲಸವನ್ನೋ ಪಣಕ್ಕಿಟ್ಟಂತೆ ಆಗುವುದು, ಹಣಕ್ಕಾಗಿ ಬೇರೆಯವರ ಮುಂದೆ ಕೈ ಚಾಚುವುದು. ನನ್ನನ್ನು ಕೇಳಿದರೆ ಇದರಲ್ಲಿ ಹೆಚ್ಚು ತೂಕದ್ದು ಕಳೆದದ್ದನ್ನು ಅಟ್ಟಿಸಿಕೊಂಡು ಹೋಗುವುದು. "ಹೋದ ದುಡ್ಡು ಬಂದರೆ ಸಾಕು, ನಿಲ್ಲಿಸಿಬಿಡ್ತೀನಿ" ಅನ್ನುವ ಮಾತು ಕೇಳಿಬಂದರೆ ಆಟ ಮೋಜಿನ ಗಡಿ ದಾಟಿದೆ ಅಂತಲೇ ತಿಳಿಯಿರಿ.

ಇದನ್ನು ಕಾಯಿಲೆ ಅಂತ ಕರೆಯುವುದು ನೆಪ ಹೇಳಿದ ಹಾಗಲ್ವಾ ಅಂತ ಕೆಲವರಿಗೆ ಸಿಟ್ಟು ಬರುತ್ತದೆ. ಈ ಜಗಳ ಹಳೆಯದು. 1980ರಲ್ಲಿ ಆ ಕೈಪಿಡಿಗೆ ಮೊದಲ ಸಲ ಸೇರಿದಾಗ ಇದನ್ನು ತಡೆಯಲಾಗದ ಹಠಾತ್ ಹುಚ್ಚುಗಳ ಸಾಲಿನಲ್ಲಿ ಇಟ್ಟಿದ್ದರು, ಅಂದರೆ ಕದಿಯುವ ಗೀಳು, ಬೆಂಕಿ ಹಚ್ಚುವ ಗೀಳಿನ ಪಕ್ಕ. 2013ರಲ್ಲಿ ಜಾಗ ಬದಲಾಯಿಸಿ ಮದ್ಯ, ಮಾದಕ ವಸ್ತುಗಳ ಚಟದ ಜೊತೆಗೆ ತಂದರು. ಮಿದುಳಿನಲ್ಲಿ ನಡೆಯುವುದು ಬಹುಪಾಲು ಅದೇ ಅನ್ನುವುದು ಕಾರಣ.

ಒಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಥರದ ಮಾತ್ರೆಗಳಿಂದ ಕೆಲವರಿಗೆ ಜೂಜಿನ ಗೀಳು ಹತ್ತುವುದುಂಟು. ಮಾನಸಿಕ ಕಾಯಿಲೆಗೆ ಕೊಡುವ ಅರಿಪಿಪ್ರಜೋಲ್ ಬಗ್ಗೆಯೂ 2016ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಎಚ್ಚರಿಕೆ ಕೊಟ್ಟಿದ್ದರು. ಜೀವನವಿಡೀ ಆಟದ ತಂಟೆಗೆ ಹೋಗದ ಹಿರಿಯರೊಬ್ಬರು ಇದ್ದಕ್ಕಿದ್ದಂತೆ ಫೋನ್‌ನಲ್ಲಿ ಬಾಜಿ ಕಟ್ಟುತ್ತಿದ್ದರೆ ಬೈಯುವ ಮೊದಲು ಅವರ ಮಾತ್ರೆ ಚೀಟಿ ತೆಗೆದುಕೊಂಡು ವೈದ್ಯರನ್ನು ಕಾಣಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

3. ಯಾಕೆ ನಿಲ್ಲಿಸಲು ಆಗುವುದಿಲ್ಲ ಅಂತ ತಿಳಿದುಕೊಳ್ಳಿ

ಇದು ಓದುವ ಹೆಜ್ಜೆ, ಮಾಡುವ ಹೆಜ್ಜೆಯಲ್ಲ. ಆದರೂ ಹಾರಿಸಬೇಡಿ. "ಇಷ್ಟು ಓದಿದವನಿಗೆ ಇಷ್ಟೂ ಬುದ್ಧಿ ಇಲ್ವಾ" ಅನ್ನುವ ಮಾತು ಮನೆಯಲ್ಲಿ ನಿಲ್ಲಬೇಕಾದರೆ ಆಟ ಕೆಲಸ ಮಾಡುವ ರೀತಿ ಗೊತ್ತಿರಬೇಕು. ಬುದ್ಧಿವಂತರೂ ಇದಕ್ಕೆ ಸಿಕ್ಕಿಬೀಳುತ್ತಾರೆ.

ಬಹುಮಾನ ಯಾವಾಗ ಬರುತ್ತದೆ ಅಂತ ಗೊತ್ತಿದ್ದರೆ ಮನಸ್ಸು ಬೇಗ ಬೇಸರ ಪಡುತ್ತದೆ. ಯಾವಾಗ ಬರುತ್ತದೋ ಗೊತ್ತಿಲ್ಲದಿದ್ದರೆ ಬಿಡುವುದೇ ಇಲ್ಲ. ಬಿ.ಎಫ್. ಸ್ಕಿನ್ನರ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದ್ದ. ಎಷ್ಟು ಸಲ ಕುಕ್ಕಿದರೆ ಕಾಳು ಬರುತ್ತದೆ ಅನ್ನುವುದು ಪ್ರತಿ ಸಲ ಬದಲಾಗುತ್ತಿದ್ದರೆ ಹಕ್ಕಿ ಕುಕ್ಕುತ್ತಲೇ ಇರುತ್ತದೆ, ಕಾಳು ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತದೆ. ಸ್ಲಾಟ್ ಯಂತ್ರ, ಅಂದರೆ ಹಣ ಹಾಕಿದರೆ ಚಿತ್ರಗಳು ತಿರುಗಿ ನಿಲ್ಲುವ ಜೂಜಿನ ಯಂತ್ರ, ಇದೇ ಲೆಕ್ಕದಲ್ಲಿ ನಡೆಯುತ್ತದೆ.

ಅದರ ಮೇಲೆ "ಸ್ವಲ್ಪದರಲ್ಲಿ ತಪ್ಪಿತು" ಅನ್ನುವ ಆಟ. ಮೂರು ಚಿತ್ರ ಒಂದೇ ಆಗಬೇಕಾದಲ್ಲಿ ಎರಡು ಬಂದು ಮೂರನೆಯದು ಒಂದು ಮನೆ ಆಚೆ ನಿಲ್ಲುತ್ತದೆ. ಲೆಕ್ಕದ ಪ್ರಕಾರ ಅದು ಪೂರ್ತಿ ಸೋಲು, ಆದರೆ ಮಿದುಳಿನ ಸ್ಕ್ಯಾನ್ ಮಾಡಿ ನೋಡಿದಾಗ ಗೆದ್ದಾಗ ಚುರುಕಾಗುವ ಭಾಗಗಳೇ ಆಗಲೂ ಚುರುಕಾಗುವುದು ಕಂಡಿದೆ. ಇನ್ನೊಂದು ಮೋಸ: ನೂರು ಕಟ್ಟಿದವನಿಗೆ ಮೂವತ್ತು ವಾಪಸ್ ಬಂದಾಗ ಯಂತ್ರ ಗಂಟೆ ಬಾರಿಸಿ ದೀಪ ಮಿನುಗಿಸುತ್ತದೆ. ಎಪ್ಪತ್ತು ಹೋಗಿದೆ, ಹಬ್ಬದ ಸದ್ದು ಮಾತ್ರ ಜೋರಾಗಿದೆ.

ಗಣಿತವೂ ಆಡುವವನ ಕಡೆಗಿಲ್ಲ. ರೂಲೆಟ್ ಅಂದರೆ ತಿರುಗುವ ಚಕ್ರದಲ್ಲಿ ಚೆಂಡು ಯಾವ ಮನೆಯಲ್ಲಿ ನಿಲ್ಲುತ್ತದೆ ಅಂತ ಹಣ ಕಟ್ಟುವ ಆಟ. ಯುರೋಪಿನ ಚಕ್ರದಲ್ಲಿ 37 ಮನೆ, ಒಂದು ಸಂಖ್ಯೆಗೆ ಗೆದ್ದರೆ ಕಟ್ಟಿದ್ದು ವಾಪಸ್ ಬಂದು ಅದರ ಮೇಲೆ ಸಿಗುವುದು 35 ಪಟ್ಟು. ಆ ಸಣ್ಣ ವ್ಯತ್ಯಾಸದಿಂದ ಅಡ್ಡೆಯವನಿಗೆ ಕಟ್ಟಿದ ಹಣದಲ್ಲಿ ಸರಾಸರಿ ಶೇ 2.7 ಉಳಿಯುತ್ತದೆ. ಅಮೆರಿಕದ ಚಕ್ರದಲ್ಲಿ 38 ಮನೆ, ಅಲ್ಲಿ ಶೇ 5.26. ಶೇ 2.7 ಅಂದರೆ ಏನು ಮಹಾ ಅನ್ನಿಸಬಹುದು. ಆದರೆ ಕೈಗೆ ಬಂದ ಹಣವನ್ನೇ ಮತ್ತೆ ಮತ್ತೆ ಕಟ್ಟುತ್ತಾರಲ್ಲ, ಪ್ರತಿ ಸಲವೂ ಆ ಶೇ 2.7 ಕಡಿತ ಆಗುತ್ತದೆ. ಇಡೀ ಮೊತ್ತವನ್ನು ಹೀಗೆ 100 ಸಲ ತಿರುಗಿಸಿದರೆ ಸರಾಸರಿ ಉಳಿಯುವುದು ಶೇ 6.5ರಷ್ಟು ಮಾತ್ರ. ಫೋನ್‌ನಲ್ಲಿ 100 ಸಲ ಕಟ್ಟಲು ಒಂದು ಸಂಜೆ ಸಾಕು.

ಇನ್ನು "ಇಷ್ಟು ಸಲ ಸೋತಿದ್ದೀನಿ, ಮುಂದಿನದು ಬಂದೇ ಬರುತ್ತೆ" ಅನ್ನುವ ನಂಬಿಕೆ. 1913ರ ಆಗಸ್ಟ್ 18ರಂದು ಯುರೋಪಿನ ಮೊನಾಕೊದಲ್ಲಿರುವ ಮಾಂಟೆ ಕಾರ್ಲೋ ಕ್ಯಾಸಿನೋದಲ್ಲಿ ರೂಲೆಟ್ ಚೆಂಡು ಸತತ 26 ಸಲ ಕಪ್ಪು ಬಣ್ಣದ ಮೇಲೇ ನಿಂತಿತು. ಈಗ ಕೆಂಪು ಬರಲೇಬೇಕು ಅಂತ ಜನ ಪ್ರತಿ ಸುತ್ತಿಗೂ ಮೊತ್ತ ಏರಿಸುತ್ತಾ ಹೋಗಿ ರಾಶಿ ರಾಶಿ ಹಣ ಕಳೆದುಕೊಂಡರು. ಚಕ್ರಕ್ಕೆ ಹಿಂದಿನ ಸುತ್ತಿನ ನೆನಪಿರುವುದಿಲ್ಲ. ಆಡುವವರಿಗೆ ಅದನ್ನು ಬಿಟ್ಟು ಬೇರೇನೂ ನೆನಪಿರುವುದಿಲ್ಲ.

ಹಾಗಂತ ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅವರ ಮುಖಕ್ಕೆ ಹಿಡಿಯಬೇಡಿ. ಈ ಲೆಕ್ಕ ನಿಮಗಿಂತ ಚೆನ್ನಾಗಿ ಅವರಿಗೇ ಗೊತ್ತಿರಬಹುದು. ಗೊತ್ತಿದ್ದೂ ಆಡುತ್ತಾರೆ, ಕಷ್ಟ ಇರುವುದೇ ಅಲ್ಲಿ.

4. ಮನೆಯ ಹಣಕ್ಕೆ ಬೀಗ ಹಾಕಿ

ಸಾಲ ತೀರಿಸುವುದಕ್ಕೂ ಹಣ ಭದ್ರ ಮಾಡುವುದಕ್ಕೂ ವ್ಯತ್ಯಾಸ ಇದೆ. ಎರಡನೆಯದನ್ನು ಗೊತ್ತಾದ ವಾರದಲ್ಲೇ ಮಾಡಿ.

ಆಡುವವರ ಸಂಬಳ ನೇರವಾಗಿ ಇನ್ನೊಬ್ಬರು ನೋಡಿಕೊಳ್ಳುವ ಖಾತೆಗೆ ಬರಲಿ, ಇಲ್ಲವೇ ಬಂದ ದಿನವೇ ಅಲ್ಲಿಗೆ ಹೋಗುವ ಹಾಗೆ ವ್ಯವಸ್ಥೆ ಮಾಡಿ. ಅವರ ಕೈಖರ್ಚಿಗೆ ಒಂದು ಮೊತ್ತ ಗೊತ್ತು ಮಾಡಿ, ದಿನಕ್ಕೋ ವಾರಕ್ಕೋ ಕೊಡಿ. ಜಂಟಿ ಖಾತೆ ಇದ್ದರೆ ಇಬ್ಬರ ಸಹಿ ಇಲ್ಲದೆ ಹಣ ತೆಗೆಯಲು ಆಗದಂತೆ ಬದಲಾಯಿಸಿ. ನಿಮ್ಮ ಸ್ವಂತ ಖಾತೆಗಳ ಪಾಸ್‌ವರ್ಡ್, ಪಿನ್ ಎಲ್ಲವನ್ನೂ ಬದಲಿಸಿ. ಹಳೆಯದು ಅವರಿಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ಒಟಿಪಿ ಬರುವ ಫೋನ್ ನಿಮ್ಮ ಕೈಯಲ್ಲೇ ಇರಲಿ. ಕ್ರೆಡಿಟ್ ಕಾರ್ಡ್ ಮುಚ್ಚಿಸಿ. ಮನೆ ಪತ್ರ, ಒಡವೆ, ವಿಮೆ ಬಾಂಡ್ ಇವು ಮನೆಯ ಬೀರುವಿಗಿಂತ ಲಾಕರ್‌ನಲ್ಲಿ ಅಥವಾ ನಂಬಿಕಸ್ಥ ಬಂಧುಗಳ ಹತ್ತಿರ ಇರುವುದು ಒಳ್ಳೆಯದು. ವಿಮೆಯ ಮೇಲೂ ಸಾಲ ತೆಗೆಯಬಹುದು ಅನ್ನುವುದು ಮರೆತುಹೋಗುವ ವಿಷಯ.

ಮಕ್ಕಳ ಹೆಸರಿನ ಠೇವಣಿ, ವಯಸ್ಸಾದ ಅಪ್ಪ ಅಮ್ಮನ ಪಿಂಚಣಿ ಇವನ್ನೂ ನೋಡಿ. ಅಪ್ಪ ಅಮ್ಮನಿಗೆ ವಿಷಯ ಹೇಳದೆ ಇಟ್ಟರೆ ಮುಂದಿನ ಕೈಚಾಚು ಅವರ ಮುಂದೆಯೇ. ಸಾಲಕ್ಕೆ ಜಾಮೀನಾಗಿ ಸಹಿ ಹಾಕಲು ಯಾರೂ ಒಪ್ಪಬಾರದು, ಎಷ್ಟು ಅತ್ತರೂ.

ಇದೆಲ್ಲ ಅವಮಾನ ಅಂತ ಆಡುವವರಿಗೆ ಅನ್ನಿಸುತ್ತದೆ. ನಿಜವೇ, ದೊಡ್ಡವರಿಗೆ ಎಣಿಸಿ ಕೈಖರ್ಚು ಕೊಡುವುದು ಸುಲಭದ ಮಾತಲ್ಲ. ಅದಕ್ಕೇ ಶಿಕ್ಷೆಯ ಹಾಗೆ ಮಾಡದೆ, ಅವರನ್ನೂ ಕೂರಿಸಿಕೊಂಡು, ಆರು ತಿಂಗಳಿಗೊಮ್ಮೆ ಮತ್ತೆ ನೋಡೋಣ ಅಂತ ಅವಧಿ ಹೇಳಿ ಮಾಡಿ. ಸರಿಯಾಗಬೇಕು ಅಂತ ನಿಜವಾಗಿ ಬಯಸುವವರಲ್ಲಿ ಹಲವರಿಗೆ ಸ್ವಲ್ಪ ದಿನದಲ್ಲೇ ಇದೇ ನಿರಾಳ ಅನ್ನಿಸತೊಡಗುತ್ತದೆ. ಕೈಯಲ್ಲಿ ಹಣ ಇಲ್ಲದಿದ್ದರೆ ತಲೆಯಲ್ಲಿ ಜಗಳವೂ ಕಡಿಮೆ.

5. ಮಾತಾಡುವ ಹೊತ್ತು, ಮಾತಾಡುವ ರೀತಿ

ಸೋತು ಬಂದ ರಾತ್ರಿ ಬೇಡ. ಗೆದ್ದು ಬಂದ ದಿನ ಖಂಡಿತ ಬೇಡ, ಅವತ್ತು ಅವರು ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ಮಕ್ಕಳು ಇಲ್ಲದ ಸಮಯ ನೋಡಿ ಒಬ್ಬರೋ ಇಬ್ಬರೋ ಕೂತು ಮಾತಾಡಿ. ಇಡೀ ಬಳಗ ಸೇರಿಸಿ ಪಂಚಾಯಿತಿ ಮಾಡಿದರೆ ಅವತ್ತು ತಲೆ ತಗ್ಗಿಸುತ್ತಾರೆ, ಮಾರನೇ ದಿನ ಇನ್ನೂ ಚೆನ್ನಾಗಿ ಮುಚ್ಚಿಡುವುದನ್ನು ಕಲಿಯುತ್ತಾರೆ.

ಕಂಡದ್ದನ್ನು ಮಾತ್ರ ಹೇಳಿ. "ಅಣ್ಣಾ, ಈ ತಿಂಗಳು ಬಾಡಿಗೆ ಕಟ್ಟಿಲ್ಲ ಅಂತ ಫೋನ್ ಬಂತು. ನಿನ್ನ ಖಾತೆಯಿಂದ ರಾತ್ರಿ ಹೊತ್ತು ದುಡ್ಡು ಹೋಗಿದೆ. ನಂಗೆ ಭಯ ಆಗ್ತಾ ಇದೆ" ಅಂದರೆ ಅದಕ್ಕೆ ಉತ್ತರ ಕೊಡಲೇಬೇಕು. "ನೀನು ಯಾವಾಗಲೂ ಹೀಗೇ" ಅಂದರೆ ಜಗಳ ಬೇರೆಲ್ಲಿಗೋ ಹೋಗುತ್ತದೆ. ಆಣೆ ಪ್ರಮಾಣ ಮಾಡಿಸಬೇಡಿ. ಮುರಿದ ಆಣೆಯ ನಾಚಿಕೆ ಮುಂದಿನ ಸುಳ್ಳಿಗೆ ಕಾರಣ ಆಗುತ್ತದೆ, ಅಷ್ಟೇ.

ಹೆದರಿಸುವ ಮಾತು ಆಡುವುದಾದರೆ ನೀವು ನಿಜವಾಗಿ ಮಾಡುವುದನ್ನೇ ಹೇಳಿ. ಮನೆ ಬಿಟ್ಟು ಹೋಗುತ್ತೇನೆ ಅಂತ ಹತ್ತು ಸಲ ಹೇಳಿ ಹೋಗದಿದ್ದರೆ ಆ ಮಾತಿಗೆ ಬೆಲೆ ಇರುವುದಿಲ್ಲ. ಆದರೆ ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಈ ಯಾವ ಸಲಹೆಯೂ ಬೇಡ. ಜೂಜು ಇರುವ ಮನೆಗಳಲ್ಲಿ ಹಿಂಸೆ ಹೆಚ್ಚು ಅನ್ನುವುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಮೊದಲು ನೀವೂ ಮಕ್ಕಳೂ ಸುರಕ್ಷಿತ ಜಾಗಕ್ಕೆ ಹೋಗಿ, ಮಾತು ಆಮೇಲೆ.

6. ಸಾಲದ ಪಟ್ಟಿ, ಆಮೇಲೆ ಸಾಲ

ಈಗ ಸಾಲ. ಪಟ್ಟಿಯನ್ನು ಅವರೇ ತಮ್ಮ ಕೈಯಾರೆ ಬರೆಯಲಿ. ಬ್ಯಾಂಕು, ಕಾರ್ಡು, ಸಾಲದ ಆ್ಯಪ್, ಬಡ್ಡಿಗೆ ಕೊಟ್ಟವರು, ಸ್ನೇಹಿತರು, ಆಫೀಸಿನಲ್ಲಿ ತೆಗೆದ ಮುಂಗಡ, ಅಡವಿಟ್ಟ ವಸ್ತು, ಎಲ್ಲವೂ. ಮೊದಲ ಪಟ್ಟಿ ಪೂರ್ತಿ ಇರುವುದಿಲ್ಲ ಅಂತ ಮೊದಲೇ ಮನಸ್ಸಿಗೆ ಹೇಳಿಕೊಳ್ಳಿ. ಒಂದೆರಡು ಹೆಸರು ಹೇಗೂ ಬಿಟ್ಟಿರುತ್ತಾರೆ, ನಾಚಿಕೆಯಿಂದಲೋ, ಮುಂದೆ ಬೇಕಾದರೆ ಇರಲಿ ಅಂತಲೋ. ಕ್ರೆಡಿಟ್ ವರದಿ, ಅಂದರೆ ಬ್ಯಾಂಕು, ಕಾರ್ಡು ಸಾಲಗಳ ದಾಖಲೆ, ತೆಗೆಸಿ ತಾಳೆ ನೋಡಿ. ಕೈಸಾಲ ಅದರಲ್ಲಿ ಕಾಣುವುದಿಲ್ಲ, ಹಾಗಾಗಿ ಒಂದು ವಾರ ಬಿಟ್ಟು ಮತ್ತೆ ಕೇಳಿ.

ತೀರಿಸುವ ಕ್ರಮ ಹೀಗಿರಲಿ: ಮೊದಲು ಊಟ, ಬಾಡಿಗೆ, ಕರೆಂಟು, ಮಕ್ಕಳ ಫೀಸು, ಔಷಧ. ಉಳಿದದ್ದರಲ್ಲಿ ಸಾಲ. ಜೋರಾಗಿ ಕೂಗುವವರಿಗೆ ಮೊದಲು ಕೊಡುವುದು ಎಲ್ಲರೂ ಮಾಡುವ ಕೆಲಸ, ಆದರೆ ಕೂಗು ಜೋರಾಗಿದ್ದ ಮಾತ್ರಕ್ಕೆ ಬಡ್ಡಿ ಜಾಸ್ತಿ ಅಂತಲ್ಲ. ಬ್ಯಾಂಕಿಗೆ ಹೋಗಿ ಕಂತು ಚಿಕ್ಕದು ಮಾಡಿಕೊಡಿ ಅಂತ ಕೇಳಿ. ಕೇಳದೆ ಕಟ್ಟುವುದು ನಿಲ್ಲಿಸಿದವರಿಗಿಂತ ಕೇಳಿದವರಿಗೆ ದಾರಿ ಸಿಗುವುದು ಜಾಸ್ತಿ.

ಎಲ್ಲವನ್ನೂ ಒಂದೇ ಏಟಿಗೆ ತೀರಿಸಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೊಡುವ ಶಕ್ತಿ ಇದ್ದರೂ ಬೇಡ. ಒಂದೇ ದಿನ ಸಾಲ ಮಾಯವಾದರೆ ಆಡುವವರ ಮನಸ್ಸಿಗೆ ಅದೂ ಒಂದು ದೊಡ್ಡ ಗೆಲುವೇ, ಜೊತೆಗೆ ಹೊಸ ಸಾಲ ಹುಟ್ಟಲು ಜಾಗವೂ ಖಾಲಿ ಆಗುತ್ತದೆ. ಕಂತಿನಲ್ಲಿ, ಅವರ ದುಡಿಮೆಯಿಂದಲೇ, ವರ್ಷಗಟ್ಟಲೆ ಹೋಗಲಿ. ಇದಕ್ಕೆ ಒಂದೇ ವಿನಾಯಿತಿ, ಸಾಲ ಕೊಟ್ಟು ಜೀವ ಬೆದರಿಕೆ ಹಾಕುವವರು. ಅಲ್ಲಿಯೂ ಹಣವನ್ನು ಆಡುವವರ ಕೈಗೆ ಕೊಡಬೇಡಿ. ಪೊಲೀಸರ ಅಥವಾ ವಕೀಲರ ಸಲಹೆ ಪಡೆದು, ಕೊಡಲೇಬೇಕಾದರೆ ನೀವೇ ಕೊಟ್ಟು ರಸೀದಿ ತೆಗೆದುಕೊಳ್ಳಿ.

ಕದ್ದ ಹಣ, ಆಫೀಸಿನ ಹಣ ಸೇರಿದ್ದರೆ ಪಟ್ಟಿ ಬರೆಯುವ ಮೊದಲೇ ವಕೀಲರನ್ನು ನೋಡಿ.

7. ದಾರಿಗಳನ್ನು ಮುಚ್ಚಿ

ಆ್ಯಪ್ ಅಳಿಸಿದರೆ ಸಾಲದು, ಖಾತೆಯನ್ನೇ ಮುಚ್ಚಿಸಬೇಕು. ಹಲವು ದೇಶಗಳಲ್ಲಿ ಆಡುವವರು ತಾವಾಗಿಯೇ ತಮ್ಮನ್ನು ನಿಷೇಧಿಸಿಕೊಳ್ಳುವ ವ್ಯವಸ್ಥೆ ಇದೆ. ಬ್ರಿಟನ್‌ನಲ್ಲಿ 2018ರಿಂದ ಇರುವ ಗ್ಯಾಮ್‌ಸ್ಟಾಪ್‌ನಲ್ಲಿ ಒಮ್ಮೆ ಹೆಸರು ಬರೆಸಿದರೆ ಪರವಾನಗಿ ಇರುವ ಎಲ್ಲ ಆನ್‌ಲೈನ್ ಕಂಪನಿಗಳೂ ಬಾಗಿಲು ಹಾಕಬೇಕು, 6 ತಿಂಗಳಿಂದ 5 ವರ್ಷದವರೆಗೆ ಅವಧಿ ಆರಿಸಿಕೊಳ್ಳಬಹುದು. ನೀವಿರುವ ಕಡೆ ಇಂಥದ್ದು ಇಲ್ಲದಿದ್ದರೆ ಒಂದೊಂದು ಕಂಪನಿಗೂ ಬೇರೆ ಬೇರೆ ಬರೆಯಬೇಕು. ಬೆಟ್‌ಬ್ಲಾಕರ್ ಅನ್ನುವ ಉಚಿತ ತಂತ್ರಾಂಶ ಫೋನ್‌ನಲ್ಲಿ, ಕಂಪ್ಯೂಟರ್‌ನಲ್ಲಿ ಜೂಜಿನ ತಾಣಗಳನ್ನು ತಡೆಯುತ್ತದೆ. ನಿಮ್ಮ ಬ್ಯಾಂಕಿನಲ್ಲಿ ಜೂಜಿನ ಪಾವತಿ ತಡೆಯುವ ಸೌಲಭ್ಯ ಇದೆಯಾ ಅಂತ ಕೇಳಿ.

ಕಂಪನಿಗಳಿಂದ ಬರುವ ಎಸ್ಸೆಮ್ಮೆಸ್, ಬೋನಸ್ ಆಸೆ, ಟಿಪ್ಸ್ ಕೊಡುವ ಗುಂಪುಗಳು ಎಲ್ಲಕ್ಕೂ ಕತ್ತರಿ. ಸ್ವಲ್ಪ ದಿನ ಆಡದೆ ಇದ್ದವರಿಗೇ ಉಚಿತ ಬಾಜಿಯ ಆಮಿಷ ಬರುವುದು ಜಾಸ್ತಿ. ಆಟ ನೋಡುವುದೇ ಬಾಜಿಯಾಗಿ ಬದಲಾಗಿದ್ದರೆ ಆ ಪಂದ್ಯಾವಳಿ ಮುಗಿಯುವವರೆಗೆ ನೋಡದಿರುವುದೇ ಮೇಲು.

ಇಷ್ಟಾದರೂ ಆಡಬೇಕು ಅನ್ನುವ ಎಳೆತ ಬರುತ್ತದೆ. ಅದು ಏರುತ್ತದೆ, ಸ್ವಲ್ಪ ಹೊತ್ತು ಹಿಂಸೆ ಕೊಡುತ್ತದೆ, ಆಡದೆ ಇದ್ದರೂ ಇಳಿಯುತ್ತದೆ. ಇದನ್ನು ಒಮ್ಮೆ ಅನುಭವಿಸಿ ನೋಡಿದವರಿಗೆ ಮುಂದಿನದು ಅಷ್ಟು ಭಯ ಹುಟ್ಟಿಸುವುದಿಲ್ಲ. ಆ ಹೊತ್ತಿಗೆ ಯಾರಿಗೆ ಫೋನ್ ಮಾಡಬೇಕು, ಎಲ್ಲಿಗೆ ನಡೆದು ಹೋಗಬೇಕು ಅನ್ನುವುದು ಮೊದಲೇ ಗೊತ್ತಿರಲಿ. ಎಳೆತ ಬಂದ ಮೇಲೆ ಯೋಚಿಸಲು ತಲೆ ಖಾಲಿ ಇರುವುದಿಲ್ಲ.

8. ಚಿಕಿತ್ಸೆ

ಕೆಲಸ ಮಾಡುತ್ತದೆ ಅಂತ ಹೆಚ್ಚು ಆಧಾರ ಇರುವುದು ಅರಿವಿನ ವರ್ತನಾ ಚಿಕಿತ್ಸೆಗೆ, ಸಿಬಿಟಿ ಅಂತ ಕೇಳಿರುತ್ತೀರಿ. ಯಾವ ಹೊತ್ತು, ಯಾವ ಯೋಚನೆ, ಯಾವ ಜಾಗ ಆಟಕ್ಕೆ ಎಳೆಯುತ್ತದೆ ಅಂತ ಹುಡುಕಿ ಒಂದೊಂದಾಗಿ ಬಿಡಿಸುತ್ತಾರೆ. ಜೂಜಿಗೆಂದೇ ಮಾಡಿದ ಮಾತ್ರೆ ಇಲ್ಲ. ಕುಡಿತದ ಚಟಕ್ಕೆ ಬಳಸುವ ನಾಲ್ಟ್ರೆಕ್ಸೋನ್ ಕೆಲವರಿಗೆ ಎಳೆತ ಕಡಿಮೆ ಮಾಡುತ್ತದೆ, ವೈದ್ಯರು ನೋಡಿ ಕೊಡುತ್ತಾರೆ. ಖಿನ್ನತೆ, ಕುಡಿತ ಜೊತೆಗೇ ಇರುವುದು ಸಾಮಾನ್ಯ, ಅದನ್ನೂ ವೈದ್ಯರಿಗೆ ಹೇಳಿ. ಒಂದಕ್ಕೆ ಮಾತ್ರ ಚಿಕಿತ್ಸೆ ಮಾಡಿಸಿದರೆ ಇನ್ನೊಂದು ಕಾಲು ಎಳೆಯುತ್ತದೆ.

ಗ್ಯಾಂಬ್ಲರ್ಸ್ ಅನಾನಿಮಸ್ 1957ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ಕೂಟ, ಈಗ ಅನೇಕ ದೇಶಗಳಲ್ಲಿದೆ, ಆನ್‌ಲೈನ್ ಸಭೆಗಳೂ ಇವೆ. ದುಡ್ಡು ಕೇಳುವುದಿಲ್ಲ, ಪೂರ್ತಿ ಹೆಸರೂ ಕೇಳುವುದಿಲ್ಲ. ಎಲ್ಲರಿಗೂ ಒಗ್ಗುತ್ತದೆ ಅನ್ನಲಾರೆ, ಆದರೆ ಸುಳ್ಳನ್ನು ಅಲ್ಲಿ ಹಿಡಿಯುವಷ್ಟು ಬೇಗ ಬೇರೆಲ್ಲೂ ಹಿಡಿಯುವುದಿಲ್ಲ. ಕೂತವರೆಲ್ಲ ಅದೇ ಸುಳ್ಳು ಹೇಳಿ ಬಂದವರು ತಾನೆ. ಮನೆಯವರಿಗೆ ಗ್ಯಾಮ್-ಅನಾನ್ ಅಂತ ಬೇರೆ ಕೂಟ ಇದೆ.

ನಿಮ್ಮ ನಿದ್ದೆ, ನಿಮ್ಮ ಬಿಪಿ, ನಿಮ್ಮ ಕೆಲಸ ಇವನ್ನೂ ನೋಡಿಕೊಳ್ಳಿ. ಗೀಳಿಗೆ ಬಿದ್ದ ಒಬ್ಬರಿಂದ ಸುತ್ತಲಿನ ಸುಮಾರು 6 ಜನರ ಬದುಕಿಗೆ ಪೆಟ್ಟು ಬೀಳುತ್ತದೆ ಅಂತ ಸಂಶೋಧಕರ ಅಂದಾಜು. ಮಕ್ಕಳಿಗೆ ಅವರ ವಯಸ್ಸಿಗೆ ತಕ್ಕಷ್ಟು ನಿಜ ಹೇಳಿ. ಹೇಳದಿದ್ದರೆ ಈ ಜಗಳ ತಮ್ಮಿಂದಲೇ ಅಂದುಕೊಳ್ಳುತ್ತಾರೆ. ಜೂಜಾಡುವವರ ಮಕ್ಕಳು ಮುಂದೆ ತಾವೂ ಆ ದಾರಿಗೆ ಬೀಳುವ ಸಾಧ್ಯತೆ ಬೇರೆ ಮಕ್ಕಳಿಗಿಂತ ಹೆಚ್ಚು, ಅದಕ್ಕೂ ಈ ಮಾತು ಬೇಕು.

9. ಎಲ್ಲ ತಪ್ಪನ್ನೂ ಮನೆಯೊಳಗೇ ಹುಡುಕಬೇಡಿ

ಇದನ್ನು ಒಂದು ಹೆಜ್ಜೆ ಅಂತ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಾಚಿಕೆಯಲ್ಲೇ ಮನೆಗಳು ಅರ್ಧ ಸಾಯುತ್ತವೆ. ಜೂಜಿನ ವ್ಯಾಪಾರದ ಆದಾಯದಲ್ಲಿ ಸುಮಾರು ಶೇ 60ರಷ್ಟು ಬರುವುದು ಹಾನಿಯಾಗುವ ಮಟ್ಟಕ್ಕೆ ಆಡುವವರಿಂದಲೇ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಸ್ಟ್ರೇಲಿಯಾದಲ್ಲಿ ಸರ್ಕಾರದ ಉತ್ಪಾದಕತಾ ಆಯೋಗ 2010ರಲ್ಲಿ ಲೆಕ್ಕ ಹಾಕಿದಾಗ ಜೂಜಿನ ಯಂತ್ರಗಳಿಗೆ ಬೀಳುವ ಹಣದಲ್ಲಿ ಸುಮಾರು ಶೇ 40 ಗೀಳಿನವರದ್ದೇ ಆಗಿತ್ತು. "ಜವಾಬ್ದಾರಿಯಿಂದ ಆಡಿ" ಅಂತ ಜಾಹೀರಾತಿನ ಕೊನೆಯಲ್ಲಿ ಗಡಿಬಿಡಿಯಲ್ಲಿ ಓದುತ್ತಾರಲ್ಲ, ಎಲ್ಲರೂ ಹಾಗೆ ಆಡಿದರೆ ಅಂಗಡಿ ನಡೆಯುವುದು ಕಷ್ಟ.

ನಿಯಮ ಬದಲಾದರೆ ಹಾನಿ ಕಡಿಮೆ ಆಗುತ್ತದೆ. ನಾರ್ವೆ 2007ರಲ್ಲಿ ಸ್ಲಾಟ್ ಯಂತ್ರಗಳನ್ನೆಲ್ಲ ತೆಗೆಸಿತು, ಆಮೇಲೆ ನಷ್ಟಕ್ಕೆ ಮಿತಿ ಇರುವ ಯಂತ್ರಗಳನ್ನು ಮಾತ್ರ ತಂದಿತು. ಜನ ದೊಡ್ಡ ಸಂಖ್ಯೆಯಲ್ಲಿ ಬೇರೆ ಜೂಜಿಗೆ ಹೋಗಲಿಲ್ಲ, ಆಡುವುದೇ ಕಡಿಮೆ ಆಯಿತು. ಬ್ರಿಟನ್‌ನಲ್ಲಿ ಬಾಜಿ ಅಂಗಡಿಯ ಯಂತ್ರಗಳಿಗೆ ಒಂದು ಸಲಕ್ಕೆ 100 ಪೌಂಡ್ ಹಾಕಬಹುದಿತ್ತು. 2019ರ ಏಪ್ರಿಲ್‌ನಿಂದ ಅದು 2 ಪೌಂಡ್. 2020ರ ಏಪ್ರಿಲ್‌ನಲ್ಲಿ ಕ್ರೆಡಿಟ್ ಕಾರ್ಡ್‌ನಿಂದ ಜೂಜಾಡುವುದನ್ನೂ ಅಲ್ಲಿ ನಿಷೇಧಿಸಿದರು. ನೀವು ನಾಲ್ಕು ಜನರ ಕೆಲಸ ನೋಡಿಕೊಳ್ಳುವ ಜಾಗದಲ್ಲಿ ಇದ್ದರೆ ಮುಂಗಡ ಪದೇ ಪದೇ ಕೇಳುವವರನ್ನು, ಪಂದ್ಯದ ದಿನ ಕಾಣೆಯಾಗುವವರನ್ನು ಕರೆದು ಮಾತಾಡಿಸಿ. ನಗದು ಮುಟ್ಟುವ ಕೆಲಸದಿಂದ ಸ್ವಲ್ಪ ಕಾಲ ಬದಲಾಯಿಸಿ. ಕೆಲಸದಿಂದ ತೆಗೆದರೆ ಉಳಿದಿದ್ದ ಒಂದು ಹಿಡಿತವೂ ಹೋಗುತ್ತದೆ.

10. ಮತ್ತೆ ಆಡಿದರೆ

ಮತ್ತೆ ಆಡುವ ಸಾಧ್ಯತೆ ಇದ್ದೇ ಇದೆ. ಅದಕ್ಕೆ ಏನು ಮಾಡಬೇಕು ಅಂತ ಚೆನ್ನಾಗಿರುವಾಗಲೇ ಮಾತಾಡಿ ಬರೆದಿಡಿ: ಆಡಿದ 24 ಗಂಟೆಯೊಳಗೆ ಅವರೇ ಹೇಳಬೇಕು, ಹೇಳಿದರೆ ಕೂಗಾಟ ಇಲ್ಲ, ಆದರೆ ಹಣದ ಬೀಗ ಮತ್ತೆ ಮೊದಲಿನಷ್ಟು ಬಿಗಿ, ವೈದ್ಯರ ಭೇಟಿ ಆ ವಾರವೇ. ಬಚ್ಚಿಟ್ಟು ಸಿಕ್ಕಿಬಿದ್ದರೆ ಬೇರೆ ಲೆಕ್ಕ ಅಂತಲೂ ಬರೆಯಿರಿ.

ಹುಷಾರಾಗಿರಬೇಕಾದ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಸಂಬಳದ ದಿನ, ಬೋನಸ್ ಬರುವ ತಿಂಗಳು, ದೊಡ್ಡ ಪಂದ್ಯಾವಳಿ, ಮನೆಯಲ್ಲಿ ಸಾವಾದ ನಂತರದ ವಾರಗಳು. ಕೊನೆಯ ಕಂತು ಕಟ್ಟಿ ಮುಗಿಸುವ ದಿನವನ್ನೂ ಸೇರಿಸಿ. ಎಲ್ಲ ಮುಗಿಯಿತು ಅಂತ ಮನೆಯವರು ಪಾಸ್‌ವರ್ಡ್ ವಾಪಸ್ ಕೊಡುವುದು ಅವತ್ತೇ. ಕೊಡುವುದಾದರೆ ಇನ್ನೂ ಒಂದಷ್ಟು ತಿಂಗಳು ಕಾದು, ಒಂದು ಖಾತೆಯದ್ದು ಮಾತ್ರ ಕೊಡಿ, ಅದರ ಸ್ಟೇಟ್‌ಮೆಂಟ್ ತಿಂಗಳಿಗೊಮ್ಮೆ ಇಬ್ಬರೂ ಕೂತು ನೋಡಿ.